ಎಡಗಡೆಯ ಜಾಗ

ಒಳಾಂಗಣ ಫುಟ್‌ಬಾಲ್‌ನಲ್ಲಿ ಸದ್ದು ಜಾಸ್ತಿ. ಹೊರಗಿನ ಮೈದಾನದಲ್ಲಿ ಗಾಳಿಗೆ ಚದುರಿಹೋಗುವುದೆಲ್ಲ ಇಲ್ಲಿ ಗೋಡೆಗೆ ಬಡಿದು ಹಿಂದಿರುಗುತ್ತದೆ. ಮರದ ನೆಲಕ್ಕೆ ಉಜ್ಜುವ ಶೂಗಳು, ಗೋಲಿನ ಕಂಬಕ್ಕೆ ಬಡಿಯುವ ಚೆಂಡು, ಕೋಚ್‌ನ ಕೂಗಾಟ, ಎಲ್ಲ ಒಂದರ ಮೇಲೊಂದು. ಅಂಥ ಗದ್ದಲದ ನಡುವೆ ಒಂದು ಸಂಜೆ ಯಾರೋ ಕನ್ನಡದಲ್ಲಿ ಕೂಗಿದ್ದು ಕೇಳಿಸಿತು. ನಾನು ಆಗ ಬೆಂಚಿನ ಪಕ್ಕ ಮಂಡಿಯೂರಿ ಕೂತು ಒಬ್ಬ ಆಟಗಾರನ ಪಾದದ ಗಂಟಿಗೆ ಟೇಪು ಸುತ್ತುತ್ತಿದ್ದೆ.

“ಎಡಕ್ಕೆ, ಎಡಕ್ಕೆ. ಬಿಡಬೇಡ ಗುರು.”

ತಲೆಯೆತ್ತಿ ನೋಡಿದೆ. ಕೂಗಿದ್ದು ನಮ್ಮ ಗೋಲ್‌ಕೀಪರ್. ಅವನ ಎಡಗಡೆ ಯಾರೂ ಇರಲಿಲ್ಲ.

ಆ ಸೀಸನ್‌ನಲ್ಲಿ ನಾನು ತಂಡದ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಮ್ಮ ತಂಡ ದುಬೈಯದು. ಆಟ ಕೆಲವು ವಾರ ದುಬೈಯಲ್ಲಿ, ಕೆಲವು ವಾರ ಅಬುಧಾಬಿಯಲ್ಲಿ. ಒಂದು ಕಡೆಗೆ ಐದೇ ಜನ, ಅದರಲ್ಲಿ ಒಬ್ಬ ಕೀಪರ್. ಹೊರಗಿನ ಚೆಂಡಿಗಿಂತ ಚಿಕ್ಕದಾದ, ಪುಟಿಯದ, ಭಾರ ಅನ್ನಿಸುವ ಚೆಂಡು. ಕೀಪರ್‌ಗೆ ಕೈಗವಸು ಕೂಡ ಇರುವುದಿಲ್ಲ, ಮೂರು ಮಾರು ದೂರದಿಂದ ಹೊಡೆದ ಚೆಂಡನ್ನು ಮೈಯೊಡ್ಡಿ ತಡೆಯಬೇಕು. ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಬಡಿದವರನ್ನು ನಡೆಸಿ ಅಭ್ಯಾಸವಿದ್ದ ನನಗೆ ಮೊದಮೊದಲು ಅದನ್ನು ನೋಡಲಿಕ್ಕೇ ಆಗುತ್ತಿರಲಿಲ್ಲ. ಚೆಂಡು ಬಂದಾಗಲೆಲ್ಲ ನಾನೇ ಮುಖ ತಿರುಗಿಸುತ್ತಿದ್ದೆ.

ತಂಡದಲ್ಲಿ ಬ್ರೆಜಿಲ್‌ನವನಿದ್ದ, ಇರಾನಿನವನಿದ್ದ, ಮೊರೊಕ್ಕೊದವನಿದ್ದ, ಇಲ್ಲಿಯವರೇ ಆದ ಎಮಿರಾತಿ ಹುಡುಗರಿದ್ದರು. ಕನ್ನಡ ಬರುತ್ತಿದ್ದುದು ಕೀಪರ್‌ಗೆ ಮತ್ತು ನನಗೆ ಮಾತ್ರ. ಅವನು ಉಳ್ಳಾಲದವನು. ಮೊದಲ ದಿನ ಭುಜ ತೋರಿಸಲು ಬಂದಾಗ ನನ್ನ ಇಂಗ್ಲಿಷ್ ಕೇಳಿಯೇ ಗುರುತು ಹಿಡಿದು, “ನಿಮ್ಮದು ಯಾವ ಊರು ಮೇಡಂ?” ಎಂದಿದ್ದ. ಕಾರ್ಕಳದ ಹತ್ತಿರ ಅಂದೆ. “ಹಾಗಾದ್ರೆ ಇನ್ನು ಮೇಡಂ ಇಲ್ಲ. ಅಕ್ಕ,” ಎಂದು ನಕ್ಕಿದ್ದ. ಅವನು ಇದ್ದದ್ದು ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ, ನಾವಿರುವ ಕಟ್ಟಡದಿಂದ ಒಂದು ಬೀದಿ ಆಚೆ. ಪ್ರಾಕ್ಟೀಸಿಗೆ ಹೋಗುವ ಮಿನಿಬಸ್ಸಿಗೆ ಇಬ್ಬರೂ ಒಂದೇ ಕಡೆ ಕಾಯುತ್ತಿದ್ದೆವು.

ಆದರೆ ಅಂಕಣದಲ್ಲಿ ಅವನು ಕನ್ನಡ ಬಳಸುತ್ತಿರಲಿಲ್ಲ. ಯಾರಿಗೆ ಬಳಸುವುದು? ಲೆಫ್ಟ್, ರೈಟ್, ನಂದು ಅನ್ನಲು ಮೈನ್, ಬೇಗ ಅನ್ನಲು ಅರಬ್ಬಿಯ ಯಲ್ಲಾ. ಅಷ್ಟೇ ಮಾತು. ಅದಕ್ಕೇ ಆ ಸಂಜೆ ನನಗೆ ಆಶ್ಚರ್ಯವಾಯಿತು. ಅವನು ಯಾವುದೋ ಗುರುವನ್ನು ನೆನೆದು ಪ್ರಾರ್ಥಿಸುತ್ತಿದ್ದಾನೆ ಎಂದುಕೊಳ್ಳಲು ನೋಡಿದೆ, ಆದರೆ ಪ್ರಾರ್ಥನೆಯಲ್ಲಿ ಯಾರಾದರೂ ದೇವರಿಗೆ ಎಡಕ್ಕೆ ಬಾ ಅನ್ನುತ್ತಾರೆಯೇ?

ಟೇಪು ಸುತ್ತಿಸಿಕೊಳ್ಳುತ್ತಿದ್ದವನು ಮೊರೊಕ್ಕೊದ ಡಿಫೆಂಡರ್. ಗುರು ಎಂದರೆ ಯಾರು ಎಂದು ಅವನನ್ನು ಕೇಳಿದೆ. ಅವನು ಸಾಕ್ಸು ಮೇಲಕ್ಕೆಳೆದುಕೊಂಡು ಎದ್ದುಹೋದ.

ಮರುದಿನ ತಂಡದ ಮ್ಯಾನೇಜರ್ ಹೇಳಿದ. ಅವನು ಮಲಯಾಳಿ, ಮೆಲುದನಿಯ ಮನುಷ್ಯ. ಕಳೆದ ಸೀಸನ್‌ನಲ್ಲಿ ತಂಡದ ಡಿಫೆಂಡರ್ ಆಗಿದ್ದವನು ಬೆಂಗಳೂರಿನ ಹುಡುಗ. ಕಂಡವರನ್ನೆಲ್ಲ ‘ಏನ್ ಗುರು’ ಎಂದು ಮಾತಾಡಿಸುವ ರೂಢಿ ಅವನಿಗೆ. ಹಾಗಾಗಿ ತಂಡದವರು ಅವನಿಗೇ ಗುರು ಎಂದು ಹೆಸರಿಟ್ಟರು. ಕೀಪರ್ ಮತ್ತು ಅವನು ಒಂದೇ ಫ್ಲ್ಯಾಟಿನಲ್ಲಿದ್ದರು. ಸೀಸನ್ ಮುಗಿದು ಬೇಸಿಗೆಯ ರಜೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಗುರು ಹಾಸಿಗೆಯಿಂದ ಏಳಲಿಲ್ಲ. ಹೃದಯ ನಿಂತಿತ್ತು. ನೋಡಿದವನು ಕೀಪರ್. ಪೊಲೀಸರಿಗೆ ಹೇಳಿದ್ದು, ಆಸ್ಪತ್ರೆ, ಕಾನ್ಸುಲೇಟು, ವಿಮಾನದ ಕಾರ್ಗೋ ಗೇಟಿನವರೆಗೆ ಪೆಟ್ಟಿಗೆಯ ಜೊತೆ ಹೋದದ್ದು, ಎಲ್ಲ ಅವನೇ.

“ಅದರ ಬಗ್ಗೆ ನಾವ್ಯಾರೂ ಮಾತಾಡೋದಿಲ್ಲ ಸಿಸ್ಟರ್,” ಎಂದ ಮ್ಯಾನೇಜರ್. “ಅವನು ಕರೆಯಲಿ ಬಿಡಿ. ಯಾರಿಗೇನು ತೊಂದರೆ?”

ಯಾರಿಗೂ ತೊಂದರೆಯಿರಲಿಲ್ಲ ಎಂಬುದೇ ವಿಚಿತ್ರ. ನಾವು ಗೆಲ್ಲುತ್ತಿದ್ದೆವು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎದುರಾಳಿ ಒಂದು ಬದಿಯಿಂದ ನುಗ್ಗಿ ಬಂದರೆ ಕೀಪರ್ ಆ ಬದಿಯ ಕಂಬಕ್ಕೆ ಅಂಟಿಕೊಂಡು ಅಲ್ಲಿಯ ದಾರಿ ಮುಚ್ಚುತ್ತಾನೆ. ಇನ್ನೊಂದು ಬದಿಯನ್ನು ಡಿಫೆಂಡರ್ ನೋಡಿಕೊಳ್ಳುತ್ತಾನೆಂದು ನಂಬುತ್ತಾನೆ. ನಂಬಿಕೆ ತಪ್ಪಿದರೆ ಅರ್ಧ ಗೋಲು ಖಾಲಿ. ನಮ್ಮ ಕೀಪರ್ ಈಗ ಬಲಗಂಬಕ್ಕೆ ಅಂಟಿಕೊಂಡು ಎಡಗಡೆಯನ್ನು ಪೂರ್ತಿ ಬಿಟ್ಟುಕೊಡುತ್ತಿದ್ದ, ಅಲ್ಲಿ ಒಬ್ಬ ನಿಂತಿದ್ದಾನೆ ಎಂಬಷ್ಟು ಧೈರ್ಯದಲ್ಲಿ. ಮೊರೊಕ್ಕೊದವನು ಎಷ್ಟೋ ಸಲ ಆ ಜಾಗಕ್ಕೆ ತಲುಪಿರುತ್ತಲೇ ಇರಲಿಲ್ಲ. ಆದರೂ ಚೆಂಡು ಅಲ್ಲಿಗೆ ಬರುತ್ತಿರಲಿಲ್ಲ. ಹೊಡೆಯುವವನು ಕಾಲೆತ್ತಿ, ಆ ಕಡೆ ನೋಡಿ, ಯಾಕೋ ತಡೆದು, ಕೀಪರ್‌ನ ಎದೆಗೇ ಹೊಡೆಯುತ್ತಿದ್ದ. ಅಥವಾ ಹೊರಗೆ. ಒಂದು ಸಲವಾದರೆ ಅದೃಷ್ಟ ಅನ್ನಬಹುದು.

ತಂಡದವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ಓಡುವಾಗ ಆ ಜಾಗವನ್ನು ತುಳಿಯದೆ ಸುತ್ತಿಕೊಂಡು ಓಡುವುದನ್ನು ನೋಡಿದೆ. ಬ್ರೆಜಿಲ್‌ನವನು ಅಂಕಣಕ್ಕಿಳಿದಾಗ ಬಗ್ಗಿ ಅಲ್ಲಿಯ ನೆಲ ಮುಟ್ಟಿ ಎದೆಗೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ. ಮೊರೊಕ್ಕೊದವನು ಅಲ್ಲಿ ನಿಲ್ಲುವುದನ್ನೇ ಬಿಟ್ಟ. ಒಂದು ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ಐಸ್ ಪೆಟ್ಟಿಗೆ ಹೊತ್ತು ಅಡ್ಡಹಾಯುತ್ತಿದ್ದೆ. ಆಚೆ ಬದಿ ಸೇರಿದ ಮೇಲೆ ಗೊತ್ತಾಯಿತು, ನಾನೂ ಸುತ್ತಿಕೊಂಡು ಬಂದಿದ್ದೆ. ಹಿಂದಿರುಗಿ ನೇರವಾಗಿ ನಡೆದು ಬರೋಣ ಎಂದುಕೊಂಡೆ. ಕಾಲು ಬರಲಿಲ್ಲ.

ನನ್ನ ಕೆಲಸ ಕಾಲು ನೋಡುವುದು, ಭುಜ ನೋಡುವುದು, ತಲೆಗೆ ಪೆಟ್ಟು ಬಿದ್ದರೆ ಗಮನಿಸುವುದು. ಹಾಗಾಗಿ ನನಗೆ ಗೊತ್ತಿದ್ದ ದಾರಿಯಲ್ಲೇ ಹೋದೆ. ಮ್ಯಾನೇಜರ್‌ನ ಲ್ಯಾಪ್‌ಟಾಪ್‌ನಲ್ಲಿ ಆ ಸೀಸನ್‌ನ ಆಟಗಳ ರೆಕಾರ್ಡಿಂಗ್ ಒಂದೊಂದಾಗಿ ಹಾಕಿ, ಚಿತ್ರ ಬಿಟ್ಟು ಬರೀ ಸದ್ದು ಕೇಳಿದೆ. ಮೊದಲ ಆಟಗಳಲ್ಲಿ ಕೀಪರ್‌ನ ಕೂಗು ಇಂಗ್ಲಿಷಿನಲ್ಲಿದೆ. ಆಮೇಲೊಂದು ಆಟದಲ್ಲಿ ಎದುರಾಳಿ ಬಹಳ ಹತ್ತಿರದಿಂದ ಹೊಡೆದ ಚೆಂಡು ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯುತ್ತದೆ. ಆ ಪೆಟ್ಟು ನನಗೆ ನೆನಪಿತ್ತು. ಅಂದೇ ಅವನನ್ನು ಹೊರಗೆ ಕರೆಸಿದ್ದೆ, ನಿಯಮದ ಪ್ರಕಾರ ವಿಶ್ರಾಂತಿ ಕೊಟ್ಟಿದ್ದೆ, ಲೀಗ್‌ನ ಡಾಕ್ಟರಿಗೆ ತೋರಿಸಿದ್ದೆ, ಹಂತಹಂತವಾಗಿ ಮತ್ತೆ ಆಟಕ್ಕೆ ಬಿಟ್ಟಿದ್ದೆ. ಎಲ್ಲ ಸರಿಯಾಗಿತ್ತು. ಆದರೆ ಮರಳಿ ಬಂದ ಮೇಲಿನ ಆಟಗಳಲ್ಲಿ ಮೊದಲು ಒಂದು ಕನ್ನಡ ಪದ, ಆಮೇಲೆ ಎರಡು, ಆಮೇಲೆ ಪೂರ್ತಿ ಮಾತು. ‘ಬಿಡು, ನಂದು.’ ‘ಹಿಂದೆ ನೋಡು ಗುರು.’ ಒಂದು ಕಡೆ ಅವನು ನಗುವುದೂ ಕೇಳುತ್ತದೆ, ಯಾರೋ ಏನೋ ಹೇಳಿದ್ದಕ್ಕೆ ನಕ್ಕ ಹಾಗೆ.

ಬೇರೆ ಸೂಚನೆಗಳೂ ಇದ್ದವು. ಬಸ್ಸಿನಲ್ಲಿ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ತಲೆನೋವಿದೆಯಾ ಎಂದು ಕೇಳಿದರೆ “ಎಂತ ಇಲ್ಲ ಅಕ್ಕ, ನಿದ್ದೆ ಕಮ್ಮಿ,” ಅನ್ನುತ್ತಿದ್ದ. ನನ್ನ ಮಗಳ ಪರೀಕ್ಷೆ ಮುಗಿಯಿತಾ ಎಂದು ಬಸ್‌ಸ್ಟಾಪಿನಲ್ಲಿ ಕೇಳಿದವನು ಬಸ್ಸು ಹತ್ತಿ ಕೂತ ಮೇಲೆ ಮತ್ತೆ ಅದನ್ನೇ ಕೇಳಿದ.

ಕೋಚ್‌ಗೆ ಹೇಳಿದೆ. ಅವನು ಸ್ಪೇನ್‌ನವನು, ನೆರೆತ ಗಡ್ಡ, ಮಾತಿಗೆ ಮುಂಚೆ ಯೋಚಿಸುವವನು. ಪೂರ್ತಿ ಕೇಳಿಸಿಕೊಂಡ.

“ಅವನು ಸತ್ತ ಗೆಳೆಯನ ಜೊತೆ ಮಾತಾಡುತ್ತಾನೆ,” ಎಂದ. “ನಾನು ಪ್ರತಿ ಭಾನುವಾರ ಚರ್ಚಿನಲ್ಲಿ ಸತ್ತ ಅಪ್ಪನ ಜೊತೆ ಮಾತಾಡುತ್ತೇನೆ. ನೀನು ಮಾತಾಡುವುದಿಲ್ಲವೇ?”

ನನ್ನಮ್ಮ ತೀರಿಕೊಂಡು ಬಹಳ ವರ್ಷಗಳಾಗಿರಲಿಲ್ಲ. ಅವನೇ ಮುಂದುವರಿಸಿದ.

“ನನಗೆ ದುಃಖ ಮತ್ತು ಕಾಯಿಲೆಯ ನಡುವಿನ ವ್ಯತ್ಯಾಸ ಗೊತ್ತಿಲ್ಲ. ನೀನು ಪರೀಕ್ಷೆ ಮಾಡು. ಅವನು ಅದರಲ್ಲಿ ಬಿದ್ದರೆ ನಾನು ಆಡಿಸುವುದಿಲ್ಲ.”

ಪರೀಕ್ಷೆ ಮಾಡಿದೆ. ತಲೆಗೆ ಪೆಟ್ಟು ಬಿದ್ದವರಿಗೆ ಮಾಡುವುದು: ಕೆಲವು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಹೇಳಿಸುವುದು, ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುವುದು, ಒಂಟಿಕಾಲಲ್ಲಿ ನಿಲ್ಲಿಸುವುದು. ಅವನು ಎಲ್ಲದರಲ್ಲೂ ಪಾಸಾದ. ಡಾಕ್ಟರ್ ನೋಡಿ, ಸ್ಕ್ಯಾನ್ ಮಾಡಿಸುವುದು ಒಳ್ಳೆಯದು ಆದರೆ ಅವಸರವೇನಿಲ್ಲ ಎಂದರು. ವಿಮೆಯವರ ಅನುಮತಿ ಬರಬೇಕಿತ್ತು. ಅದು ಬರುವ ಮುಂಚೆಯೇ ಅಬುಧಾಬಿಯಲ್ಲಿ ಸೆಮಿಫೈನಲ್ ಬಂತು.

ಆ ದಿನ ಮಧ್ಯಾಹ್ನ ಡಿಸ್ಕವರಿ ಗಾರ್ಡನ್ಸ್‌ನಿಂದ ಹೊರಟ ಮಿನಿಬಸ್ಸಿನಲ್ಲಿ ನಾನು ಕೀಪರ್‌ನ ಹಿಂದಿನ ಸೀಟಿನಲ್ಲಿದ್ದೆ. ಅವನು ಹಾದಿಯ ಬದಿಗೆ ಕೂತಿದ್ದ. ಕಿಟಕಿಯ ಪಕ್ಕದ ಸೀಟು ಖಾಲಿಯಿತ್ತು. ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಕಡಕ್ ಚಹಾಕ್ಕೆ ನಿಲ್ಲಿಸಿ ಎಲ್ಲರೂ ವಾಪಸ್ ಹತ್ತಿದೆವು. ಬಸ್ಸು ಹೊರಡುವಾಗ ಅವನು ಮಂಡಿಗಳನ್ನು ಓರೆಯಾಗಿಸಿ ಮೈ ಹಿಂದಕ್ಕೆ ಮಾಡಿದ. ಒಳಗಿನ ಸೀಟಿಗೆ ಯಾರೋ ದಾಟಿಹೋಗಲಿ ಎಂದು ಜಾಗ ಬಿಡುತ್ತೇವಲ್ಲ, ಹಾಗೆ. ಆಮೇಲೆ ಕಾಲು ಸರಿಮಾಡಿಕೊಂಡು ಕಣ್ಣು ಮುಚ್ಚಿದ.

ಕಿಟಕಿಯಾಚೆ ಮರಳು, ವಿದ್ಯುತ್ ಕಂಬಗಳು, ಬಿಳಿ ಬಿಸಿಲು. ಬಸ್ಸಿನೊಳಗೆ ಎಸಿಯ ಚಳಿ.

ಅಬುಧಾಬಿಯ ಹಾಲ್‌ನಲ್ಲಿ ತಂಡಕ್ಕೆ ಕೊಡುವ ಚಿಕಿತ್ಸೆಯ ಕೋಣೆ ಚಿಕ್ಕದು. ಒಂದು ಮಸಾಜ್ ಮೇಜು, ಒಂದು ಸಿಂಕು, ಒಂದು ಟ್ಯೂಬ್‌ಲೈಟು. ಭುಜಕ್ಕೆ ಟೇಪು ಹಾಕುವ ನೆವದಲ್ಲಿ ಕೀಪರ್‌ನನ್ನು ಕರೆದೆ. ಅವನು ಬಂದು ಮೇಜಿನ ಮೇಲೆ ಕೂತು ನಾನು ಕೇಳುವ ಮೊದಲೇ ನಕ್ಕ.

“ಪರೀಕ್ಷೆಯಾ ಅಕ್ಕ? ಬಾಟಲ್, ಗಾರ್ಡನ್, ಸ್ಪೂನ್, ವಿಂಡೋ, ಪೇಪರ್.”

ನಾನಿನ್ನೂ ಪದ ಹೇಳಿರಲಿಲ್ಲ.

ಸೀಸನ್ ಶುರುವಿನಿಂದ ಲೀಗ್ ಬಳಸುತ್ತಿದ್ದುದು ಅವೇ ಪದಗಳು. ಪೆಟ್ಟು ಬೀಳುವ ಮುಂಚೆಯೇ ಅವು ಅವನೊಳಗೆ ಕೂತುಬಿಟ್ಟಿದ್ದವು. ಇಂಗ್ಲಿಷ್ ತಿಂಗಳುಗಳನ್ನು ಹಿಂದುಮುಂದಾಗಿ ಹೇಳುವುದೂ ಅಷ್ಟೆ, ಬಾಯಿಪಾಠ. ಅವನು ಮೋಸ ಮಾಡಿರಲಿಲ್ಲ. ಪರೀಕ್ಷೆ ಅಳೆಯುತ್ತಿದ್ದುದು ಹಳೆಯದನ್ನು, ಈಗ ಒಳಗೆ ಏನಾಗಿದೆ ಎಂಬುದು ಅದಕ್ಕೆ ಕಾಣುತ್ತಲೇ ಇರಲಿಲ್ಲ.

“ಇವತ್ತು ಕನ್ನಡದಲ್ಲಿ ಮಾಡುವ,” ಎಂದೆ.

“ಕನ್ನಡದಲ್ಲಾ? ಅದೆಂತ ಹೊಸತು?”

“ಸುಮ್ಮನೆ. ನಾನು ಹೇಳಿದ್ದು ಹೇಳು. ಕೊಡೆ, ಬಂಗುಡೆ, ಏಣಿ, ಮಲ್ಲಿಗೆ, ಬೀಗ.”

ಅವನು ಹಾಗೆಯೇ ಹೇಳಿದ. ಟೇಪು ಕತ್ತರಿಸುತ್ತ ಬೇರೆ ಮಾತಾಡಿದೆ. ಉಳ್ಳಾಲದಲ್ಲಿ ಈಗ ಬಂಗುಡೆ ಸಿಗುವ ಕಾಲವಾ ಎಂದು ಕೇಳಿದೆ. ಅವನ ಅಕ್ಕನ ಮಗಳ ನಿಶ್ಚಿತಾರ್ಥದ ಸುದ್ದಿ ಹೇಳಿದ. ಸ್ವಲ್ಪ ಹೊತ್ತಾದ ಮೇಲೆ, ಆ ಪದಗಳು ಯಾವುವು ಎಂದೆ.

“ಬಂಗುಡೆ,” ಎಂದ ತಕ್ಷಣ. ಆಮೇಲೆ ಬಾಯಿ ತೆರೆದುಕೊಂಡು ಕೂತ. “ಮತ್ತೆ... ಇನ್ನೆಂತ ಇತ್ತು?”

“ಪರವಾಗಿಲ್ಲ. ವಾರಗಳನ್ನು ಹಿಂದಿನಿಂದ ಹೇಳು. ಶನಿವಾರದಿಂದ ಶುರು ಮಾಡು.”

“ಶನಿವಾರ. ಶುಕ್ರವಾರ. ಗುರುವಾರ.”

ನಿಂತ. ಟ್ಯೂಬ್‌ಲೈಟಿನ ಗುಂಯ್ ಅನ್ನುವ ಸದ್ದು ಆಗ ಕೇಳಿಸಿತು.

“ಗುರುವಾರ,” ಎಂದ ಮತ್ತೆ. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದ. “ಗುರು... ಅಕ್ಕ, ಅವನು ಕಾಯ್ತಾ ಇದ್ದಾನೆ. ನಾನು ಹೋಗ್ಲಾ?”

“ಎಲ್ಲಿದ್ದಾನೆ?”

“ಹೊರಗೆ. ವಾರ್ಮ್ ಅಪ್ ಮಾಡ್ತಾ ಇದ್ದಾನೆ.”

ನನಗೆ ಬಾಗಿಲ ಕಡೆ ನೋಡಲು ಧೈರ್ಯವಾಗಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯೆನಿಸುವುದಿಲ್ಲ, ಯಾಕೆಂದರೆ ಬಾಗಿಲಾಚೆ ಮರದ ನೆಲದ ಮೇಲೆ ಶೂಗಳ ಸದ್ದು ಕೇಳುತ್ತಿತ್ತು. ಅದು ನಮ್ಮ ಹುಡುಗರದ್ದೇ ಇರಬೇಕು.

“ಅವನು ತೀರಿಹೋಗಿದ್ದಾನಲ್ಲ ಮಾರಾಯ,” ಎಂದೆ ಮೆಲ್ಲಗೆ.

ಅವನು ನನ್ನನ್ನು ಕನಿಕರದಿಂದ ನೋಡಿದ. “ಗೊತ್ತುಂಟು ಅಕ್ಕ. ನಾನೇ ಅಲ್ವಾ ಕಳಿಸಿ ಬಂದದ್ದು. ಆದ್ರೆ ಆಟಕ್ಕೆ ಬರ್ತಾನೆ.”

ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಕಣ್ಣು ಮುಚ್ಚು ಎಂದೆ. ಆಸ್ಪತ್ರೆಯಲ್ಲಿ ಎಷ್ಟೋ ಜನರಿಗೆ ಮಾಡಿಸಿದ್ದು. ಎಡಗೈ ಚಾಚಿದಲ್ಲೇ ಇತ್ತು. ಬಲಗೈ ನಿಧಾನವಾಗಿ ಒಳಕ್ಕೆ ತಿರುಗುತ್ತ ಕೆಳಗಿಳಿಯಿತು, ಬಹಳ ನಿಧಾನವಾಗಿ, ನೀರಿನಲ್ಲಿ ಮುಳುಗುವ ಹಾಗೆ. ಅವನಿಗೆ ಅದು ಗೊತ್ತಾಗಲಿಲ್ಲ. ಎರಡೂ ಕೈ ಸಮವಾಗಿವೆ ಎಂದುಕೊಂಡು ಕಣ್ಣು ಮುಚ್ಚಿ ಕೂತಿದ್ದ.

ಆಗ ನನಗೆ ಅನುಮಾನ ಉಳಿಯಲಿಲ್ಲ. ದುಃಖಕ್ಕೆ ಕೈ ಜಾರುವುದಿಲ್ಲ. ತಲೆಬುರುಡೆಯೊಳಗೆ ಏನೋ ಒತ್ತುತ್ತಿತ್ತು.

ಕೋಚ್ ಅಂಕಣದ ಬದಿಯಲ್ಲಿದ್ದ. ಜನ ಬಂದು ಕೂರುತ್ತಿದ್ದರು. ಹತ್ತಿರ ಹೋಗಿ, ಕೀಪರ್ ಆಡುವಂತಿಲ್ಲ, ಈಗಲೇ ಆಸ್ಪತ್ರೆಗೆ ಕಳಿಸಬೇಕು ಎಂದೆ.

“ಇವತ್ತು?” ಎಂದ.

“ಇವತ್ತೇ.”

“ಅವನು ಪರೀಕ್ಷೆಯಲ್ಲಿ ಪಾಸಾಗಿದ್ದಾನೆ. ಡಾಕ್ಟರ್ ಹೇಳಿದ್ದಾರೆ.”

“ಬೇರೆ ಭಾಷೆಯಲ್ಲಿ ಮಾಡಿದೆ. ಪಾಸಾಗಲಿಲ್ಲ. ಬಲಗೈ ಬಲ ಕಳೆದುಕೊಳ್ಳುತ್ತಿದೆ.”

ಅವನು ಅಂಕಣದ ಕಡೆ ನೋಡಿದ. ಎಡಗಡೆಯ ಆ ಜಾಗದ ಕಡೆ ನೋಡಿದನೆಂದು ನನಗನಿಸಿತು. “ಅವನಿಲ್ಲದೆ ನಾವು ಈ ಆಟ ಗೆಲ್ಲುವುದಿಲ್ಲ,” ಎಂದ. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, “ನೀನು ಡಾಕ್ಟರ್ ಅಲ್ಲ,” ಎಂದ.

ಅದು ನಿಜ. ಆದರೆ ತಲೆಗೆ ಪೆಟ್ಟಿನ ವಿಷಯದಲ್ಲಿ ತಂಡದ ಫಿಸಿಯೋ ಆಟಕ್ಕೆ ಮುಂಚೆ ಅಧಿಕಾರಿಗಳ ಮೇಜಿಗೆ ಹೋಗಿ ಹೇಳಿದರೆ ಆ ಆಟಗಾರ ಅಂದು ಆಡುವಂತಿಲ್ಲ, ಕೋಚ್ ಬೇಡವೆಂದರೂ. ಹಾಗಂತ ನಿಯಮವಿತ್ತು. ನಮ್ಮ ಲೀಗ್‌ನಲ್ಲಿ ಯಾರೂ ಅದನ್ನು ಬಳಸಿದ್ದು ನಾನು ಕೇಳಿರಲಿಲ್ಲ. ನೀವು ಹೇಳದಿದ್ದರೆ ನಾನು ಮೇಜಿಗೆ ಹೋಗುತ್ತೇನೆ ಎಂದೆ. ಅವನು ನನ್ನ ಮುಖ ನೋಡದೆ, “ಹೋಗು,” ಎಂದ. ಅದು ಅಪ್ಪಣೆಯೋ ಬೈಗುಳವೋ ಈಗಲೂ ಗೊತ್ತಿಲ್ಲ.

ಹೋದೆ. ಅಂಕಣದ ಉದ್ದಕ್ಕೂ ನಡೆದು ಹೋಗಬೇಕಿತ್ತು. ಮೇಜಿನ ಹಿಂದೆ ಕೂತಿದ್ದ ಎಮಿರಾತಿ ಅಧಿಕಾರಿ ಎರಡು ಸಲ ಖಚಿತವಾ ಎಂದು ಕೇಳಿದರು. ಖಚಿತ ಎಂದೆ. ಅವರು ಕೀಪರ್‌ನ ಹೆಸರಿನ ಮೇಲೆ ಗೀಟೆಳೆದು, “ಖಲಾಸ್,” ಎಂದು ಪೆನ್ನು ಕೆಳಗಿಟ್ಟರು.

ಕೋಣೆಗೆ ವಾಪಸ್ ಬಂದಾಗ ಅವನು ಶೂ ಕಟ್ಟುತ್ತಿದ್ದ. ಬಲಗೈ ಬೆರಳುಗಳಿಗೆ ಲೇಸು ಸಿಗುತ್ತಿರಲಿಲ್ಲ. ನಾನು ಎದುರಿಗೆ ಕೂತು ವಿಷಯ ಹೇಳಿದೆ. ಕಿರುಚುತ್ತಾನೆ, ಬಾಗಿಲು ಒದೆಯುತ್ತಾನೆ ಎಂದುಕೊಂಡಿದ್ದೆ. ಅವನು ಲೇಸನ್ನು ಹಾಗೇ ಬಿಟ್ಟು ನನ್ನ ಕೈ ಹಿಡಿದುಕೊಂಡ.

“ಅಕ್ಕ, ಇವತ್ತೊಂದು ಆಡ್ಲಿಕ್ಕೆ ಬಿಡಿ. ನಾನು ಹೋಗದಿದ್ರೆ ಅವನೊಬ್ಬನೇ ಅಲ್ಲಿ ಎಂತ ಮಾಡ್ತಾನೆ? ಸೀಸನ್ ಮುಗಿದ್ರೆ ಅವನು ಎಲ್ಲಿಗೆ ಹೋಗ್ಬೇಕು?”

ನಾನು ಬಗ್ಗಿ ಅವನ ಶೂಗಳನ್ನು ಬಿಚ್ಚಿದೆ. ಪ್ರತಿ ಆಟಕ್ಕೂ ಹಾಲ್‌ನ ಹೊರಗೆ ಆಂಬುಲೆನ್ಸ್ ನಿಂತಿರುತ್ತದೆ. ಮ್ಯಾನೇಜರ್ ಅವನ ಜೊತೆ ಹೋದ. ತಂಡದ ಫಿಸಿಯೋ ಅಂಕಣ ಬಿಟ್ಟು ಹೋಗುವಂತಿರಲಿಲ್ಲ. ಬಾಗಿಲು ಮುಚ್ಚುವಾಗ ಕೀಪರ್ ತಲೆಯೆತ್ತಿ ನನ್ನ ಭುಜದ ಆಚೆ ನೋಡಿ ಏನೋ ಹೇಳಿದ. ನನಗಲ್ಲ.

ಆಟ ನಡೆಯಿತು. ಎರಡನೆಯ ಕೀಪರ್ ಒಬ್ಬ ಎಮಿರಾತಿ ಹುಡುಗ, ಚುರುಕು, ಭಯಬಿದ್ದಿದ್ದ. ನಾನು ಬೆಂಚಿನ ತುದಿಯಲ್ಲಿ ಐಸ್ ಪೆಟ್ಟಿಗೆಯ ಪಕ್ಕ ಕೂತೆ. ಕೋಚ್ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಆಟಗಾರರೂ ಅಷ್ಟೆ, ನೀರಿನ ಬಾಟಲಿಗೆ ಬಂದವರು ನನ್ನನ್ನು ದಾಟಿ ಕೈ ಚಾಚಿದರು. ಮೊರೊಕ್ಕೊದವನು ಮಾತ್ರ ಬಂದು, “ಬದುಕ್ತಾನಾ?” ಎಂದು ಕೇಳಿ ಹೋದ.

ಮೊದಲ ಗೋಲು ಎಡಗಡೆಯ ಆ ಜಾಗದ ಮೂಲಕವೇ ಬಂತು. ನಾನು ಅದೇ ಜಾಗ ನೋಡುತ್ತ ಕೂತಿದ್ದೆ. ಎದುರಾಳಿ ಬಲಬದಿಯಿಂದ ಬಂದ, ಕಾಲೆತ್ತಿದ, ಆ ಕಡೆ ನೋಡಿದ. ತಡೆಯಲಿಲ್ಲ. ಚೆಂಡು ನೆಲಕ್ಕೆ ಹತ್ತಿಕೊಂಡೇ ಆ ಜಾಗದ ಮೇಲೆ ಉರುಳಿ ಬಲೆಗೆ ಹೋಯಿತು, ಅಲ್ಲಿ ಎಂದೂ ಏನೂ ಇರಲಿಲ್ಲ ಎಂಬ ಹಾಗೆ. ಎರಡನೆಯದೂ ಅಲ್ಲಿಂದಲೇ. ಬ್ರೆಜಿಲ್‌ನವನು ನಮಗೊಂದು ಗೋಲು ಹೊಡೆದ. ಕೊನೆಗೆ ನಮ್ಮ ಮೇಲೆ ಇನ್ನೊಂದು, ಅದೇ ಜಾಗದ ಮೂಲಕ. ಮುಗಿಯಿತು.

ತಂಡ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಿತ್ತು. ಮ್ಯಾನೇಜರ್ ಫೋನ್ ಮಾಡಿದ. ಸ್ಕ್ಯಾನ್ ಆಗಿದೆ, ಬುರುಡೆ ಮತ್ತು ಮಿದುಳಿನ ನಡುವೆ ರಕ್ತ ಸೇರಿದೆ, ವಾರಗಟ್ಟಲೆಯಿಂದ ಸ್ವಲ್ಪಸ್ವಲ್ಪವೇ ಸೇರುತ್ತ ಬಂದಿರಬೇಕು, ಈಗಲೇ ಬುರುಡೆಗೆ ತೂತು ಕೊರೆದು ತೆಗೆಯುತ್ತಾರೆ ಎಂದ. ಇನ್ನೊಂದು ಚೆಂಡು ತಲೆಗೆ ಬಡಿದಿದ್ದರೆ ಕಷ್ಟವಿತ್ತು ಎಂದರಂತೆ. ನಾನು ಅದನ್ನು ಎಲ್ಲರಿಗೂ ಹೇಳಿದೆ. ಇರಾನಿನವನು ಮುಖಕ್ಕೆ ಟವೆಲ್ ಹಾಕಿಕೊಂಡ. ಕೋಚ್ ಕೂತಲ್ಲಿಂದ ಎದ್ದು ಹೊರಗೆ ಹೋದ.

ಕೀಪರ್ ಉಳಿದ. ನನಗೆ ಸಮಾಧಾನವಾಗಬೇಕಿತ್ತು, ಆಯಿತೂ ಕೂಡ. ಆದರೆ ಕೆಲವು ದಿನಗಳ ನಂತರ ಹಾಲ್‌ನಲ್ಲಿ ಸಾಮಾನು ಕಟ್ಟುತ್ತಿದ್ದಾಗ ಕೋಚ್ ಬಂದು ಪಕ್ಕದಲ್ಲಿ ನಿಂತ.

“ನೀನು ಮಾಡಿದ್ದು ಸರಿ,” ಎಂದ. “ನಾನು ಗೆದ್ದ ಆಟಗಳನ್ನೆಲ್ಲ ಮತ್ತೆ ಹಾಕಿ ನೋಡಿದೆ. ಅವನಿಗೆ ಕಾಯಿಲೆ ಇತ್ತು, ಒಪ್ಪಿದೆ. ಅವನ ತಲೆಯಲ್ಲಿ ರಕ್ತ ಇತ್ತು. ಆದರೆ ಹೊಡೆಯುವವರ ತಲೆಯಲ್ಲಿ ಏನಿತ್ತು? ಅವರೇಕೆ ಆ ಕಡೆ ಹೊಡೆಯಲಿಲ್ಲ?”

ಕೀಪರ್ ಅಷ್ಟು ಧೈರ್ಯವಾಗಿ ಬಿಟ್ಟುಕೊಟ್ಟಿದ್ದನ್ನು ಕಂಡು, ಏನೋ ಬಲೆ ಬೀಸಿದ್ದಾನೆಂದು ಹೆದರಿರಬಹುದು ಎಂದೆ. ಕೋಚ್ ತಲೆಯಾಡಿಸಿದ. ಇಬ್ಬರಿಗೂ ಆ ಉತ್ತರ ಸಾಕಾಗಲಿಲ್ಲ.

ಹೊಲಿಗೆ ಬಿಚ್ಚಿ, ಕೈಗೆ ಬಲ ಬಂದು, ಊರಿಗೆ ಹೋಗಲು ಟಿಕೆಟ್ ಆದ ಮೇಲೆ ಒಂದು ಭಾನುವಾರ ಕೀಪರ್ ನಮ್ಮ ಮನೆಗೆ ಊಟಕ್ಕೆ ಬಂದ. ಕಿವಿಯ ಮೇಲೆ ಬೋಳಿಸಿದ ಜಾಗದಲ್ಲಿ ಕೂದಲು ಚಿಗುರುತ್ತಿತ್ತು. ನನ್ನ ಗಂಡ ಹೋಟೆಲಿನ ಡ್ಯೂಟಿಗೆ ಹೋಗಿದ್ದರು. ಮಗಳು ಅವನೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿ, ತೂತು ಕೊರೆದಾಗ ನೋವಾಯಿತಾ ಎಂದು ಕೇಳಿ, ತನ್ನ ಕೋಣೆಗೆ ಹೋದಳು. ಅವನು ಮೀನಿನ ಸಾರು ಎರಡು ಸಲ ಹಾಕಿಸಿಕೊಂಡ. ಮಾತು ಸ್ಪಷ್ಟವಾಗಿತ್ತು. ಕಣ್ಣಿಗೆ ಕನ್ನಡಕವಿರಲಿಲ್ಲ.

ಊಟವಾದ ಮೇಲೆ ಬಾಲ್ಕನಿಯ ಬಾಗಿಲಿನ ಹತ್ತಿರ ಕೂತೆವು.

“ಆಪರೇಷನ್ ಆಗಿ ಎಚ್ಚರ ಆಯ್ತಲ್ಲ ಅಕ್ಕ,” ಎಂದ. “ಕಣ್ಣು ಬಿಡುವ ಮೊದಲೇ ಗೊತ್ತಾಯ್ತು. ಅವನಿಲ್ಲ. ಮನೆಗೆ ಬಂದೆ. ಅವನ ಮಂಚ ಅಲ್ಲೇ ಉಂಟಲ್ಲ, ಅದರ ಮೇಲೆ ಕೂತು ಕರೆದೆ. ಇಲ್ಲ. ಒಮ್ಮೆ ಹಾಲ್‌ಗೂ ಹೋದೆ. ಗೋಲಿನಲ್ಲಿ ನಿಂತು ಎಡಗಡೆ ನೋಡಿದೆ. ಬರೀ ನೆಲ.”

ಅವನ ಮುಂದೆ ನೀರಿನ ಲೋಟ ಸರಿಸಿದೆ.

“ಜೀವ ಉಳಿಸಿದ್ರಿ. ಅದು ನನಗೆ ಗೊತ್ತುಂಟು. ಆದ್ರೆ ಒಂದು ಹೇಳಿ. ಆ ರಕ್ತವೇ ಅವನಾಗಿದ್ನಾ? ಅಥವಾ ಅವನು ಬೇರೆ, ರಕ್ತ ಬೇರೆಯಾ?”

“ನನಗೆ ಗೊತ್ತಿಲ್ಲ,” ಎಂದೆ. ಅವನಿಗೆ ಸುಳ್ಳು ಹೇಳುವುದು ಬೇಡವೆನಿಸಿತು.

ಅವನು ಕೆಳಗಿನ ಬೀದಿಯಲ್ಲಿ ಸೈಕಲ್ ಹೊಡೆಯುತ್ತಿದ್ದ ಮಕ್ಕಳನ್ನು ನೋಡಿದ. ಆಮೇಲೆ ಗುರುವಿನ ಹೆಂಡತಿಯ ವಿಷಯ ತೆಗೆದ. ನನಗೆ ಅದುವರೆಗೆ ಗುರುವಿಗೆ ಮದುವೆಯಾಗಿತ್ತು ಎಂಬುದೂ ಗೊತ್ತಿರಲಿಲ್ಲ. ಅವನು ಸತ್ತಾಗಿನಿಂದ ಆಕೆ ಬೆಂಗಳೂರಿನಿಂದ ಫೋನ್ ಮಾಡುತ್ತಲೇ ಇದ್ದಳಂತೆ. ಬೇರೇನೂ ಬೇಡ, ಆ ಬೆಳಿಗ್ಗೆ ಹೇಗಿದ್ದರು, ಅಷ್ಟು ಹೇಳಿ ಎಂದು ಮೆಸೇಜ್ ಹಾಕುತ್ತಿದ್ದಳಂತೆ. ಇವನು ಒಮ್ಮೆಯೂ ಫೋನ್ ಎತ್ತಿರಲಿಲ್ಲ.

“ಯಾಕೆ?” ಎಂದೆ.

“ಮೊದಲು ಧೈರ್ಯ ಬರ್ಲಿಲ್ಲ. ಆಮೇಲೆ...” ಅವನು ಅಂಗೈ ನೋಡಿಕೊಂಡ. “ಆಮೇಲೆ ಅವನೇ ಬರ್ಲಿಕ್ಕೆ ಶುರು ಮಾಡಿದ್ನಲ್ಲ. ನಾಳೆ ಸಿಗ್ಲಿಕ್ಕಿರುವವನು ಸತ್ತದ್ದು ಹೇಗೆ ಅಂತ ಅವನ ಹೆಂಡತಿಗೆ ಎಂತ ಹೇಳುವುದು ಅಕ್ಕ?”

ಬಿಸಿಲು ಬಾಲ್ಕನಿಯ ಟೈಲ್ಸ್ ದಾಟಿ ಒಳಗೆ ಬರುತ್ತಿತ್ತು. ನಾನು ಪಾತ್ರೆ ತೊಳೆಯಲೆಂದು ಎದ್ದೆ. ಅವನು ಜೇಬಿನಿಂದ ಫೋನ್ ತೆಗೆದ. ನಾನು ಅಡುಗೆಮನೆಗೆ ಹೋಗಹೊರಟಾಗ, “ಹೋಗ್ಬೇಡಿ, ಇಲ್ಲೇ ಇರಿ,” ಎಂದ. ನಾನು ಗೋಡೆಗೆ ಒರಗಿ ನಿಂತೆ.

ಆಚೆ ಕಡೆ ಬೇಗನೆ ಎತ್ತಿದರು. ಫೋನ್ ಕೈಯಲ್ಲೇ ಇಟ್ಟುಕೊಂಡಿದ್ದರೋ ಏನೋ.

“ಅತ್ತಿಗೆ, ನಾನು,” ಎಂದ. “ಆವತ್ತು ಬೆಳಿಗ್ಗೆ ಚಹಾ ಮಾಡಿ ಕರೆದೆ. ಏಳ್ಲಿಲ್ಲ. ಎಡಗಡೆ ಮಗ್ಗುಲಿಗೆ ಮಲಗಿದ್ದ. ಮುಖದಲ್ಲಿ ಏನೂ ಇರ್ಲಿಲ್ಲ ಅತ್ತಿಗೆ. ನೋವು ಇರ್ಲಿಲ್ಲ. ನಾನು ಹತ್ತಿರ ಕೂತು ಇನ್ನೊಮ್ಮೆ ಕರೆದೆ.”

ಆಕೆ ಏನು ಕೇಳಿದಳೋ ನನಗೆ ಕೇಳಿಸಲಿಲ್ಲ. ಅವನು ಹೌದು ಎಂದ. ಆಮೇಲೆ ಮತ್ತೆ, “ಹೌದು, ಮೈ ತಣ್ಣಗಾಗಿತ್ತು,” ಎಂದ.